ನಡುಗುವ ಕೈಗೆ ಎರಡು ಆಸರೆ

ಆ ಕೈಯಲ್ಲಿ ಇನ್ನು ಕ್ಯಾಮೆರಾ ಹಿಡಿಯುವುದು ಆಗದ ಮಾತು ಎಂದು ಮೊದಲು ಹೇಳಿದವರು ನರರೋಗದ ಡಾಕ್ಟರಲ್ಲ, ಫೋಟೋ ಅಂಗಡಿಯ ಚಾಚಾ ಅವರ ಹೆಂಡತಿ, ಚಾಚಿ. ಡಾಕ್ಟರು "ನೋಡೋಣ, ಮಾತ್ರೆ ಕೊಡ್ತೀನಿ" ಎಂದಿದ್ದರಂತೆ. ಚಾಚಿ ಮಾತ್ರ ಆಸ್ಪತ್ರೆಯಿಂದ ಬಂದವರೇ ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕೂತು, ನನಗೆ ಅರ್ಥವಾಗಲಿ ಎಂದು ಕನ್ನಡದಲ್ಲೇ ಹೇಳಿದರು.

"ಇನ್ನ್ ಆಗಲ್ಲಮ್ಮಾ ಇವರ ಕೈಯಲ್ಲಿ. ಮುಗೀತು. ಸುಮ್ನೆ ಮೊಬೈಲ್ ಕವರ್ ಮಾರ್ಕೊಂಡ್ ಕೂತ್ಕೊಳ್ಳಿ ಅಂತ ನೀನಾದ್ರೂ ಹೇಳು."

ಒಳಗೆ ವೈರು ಸುತ್ತುತ್ತಿದ್ದ ಚಾಚಾ ತಲೆ ಎತ್ತದೆ ಉತ್ತರ ಕೊಟ್ಟರು. "ಕವರ್ ಹಾಕೋಕೂ ಕೈ ಬೇಕಲ್ವಾ ಬೇಗಂ? ಅದಕ್ಕೇನು ಕಾಲಲ್ಲಿ ಹಾಕ್ತಾರಾ?"

ಹೋದ ತಿಂಗಳು ಚಾಚಾ ತೀರಿಕೊಂಡರು. ಶಿವಾಜಿನಗರದ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಅವರದೊಂದು ಫೋಟೋ ಅಂಗಡಿ ಇತ್ತು. ಬೋರ್ಡಿನ ಮೇಲೆ ಅವರ ಹೆಸರಿರಲಿಲ್ಲ, ಇಲ್ಲೂ ಬರೆಯುವುದಿಲ್ಲ. ಎಲ್ಲರಂತೆ ನಾನೂ ಅವರನ್ನು ಚಾಚಾ ಎನ್ನುತ್ತಿದ್ದೆ.

ನನ್ನ ವಿಷಯ ಒಂದಿಷ್ಟು ಹೇಳದೆ ಅವರ ವಿಷಯ ಹೇಳಲಾಗದು. ನಮ್ಮಮ್ಮನದು ಕುಕ್ ಟೌನಿನಲ್ಲಿ ಒಂದು ಮರದ ಕೆಳಗೆ ಇಸ್ತ್ರಿ ಗಾಡಿ. ಮನೆ ಕೃಷ್ಣರಾಜಪುರದ ಸ್ಟೇಷನ್ನಿನ ಆಚೆ. ನಮ್ಮ ವಂಶದಲ್ಲಿ ಪದವಿ ಪಡೆದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಪಿಯುಸಿ ಮುಗಿದ ಮೇಲೆ ಕೆಲಸದ ಅರ್ಜಿಗೆ ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆಸಲು ಆ ಅಂಗಡಿಗೆ ಹೋಗಿದ್ದೆ. ಕ್ಯಾಮೆರಾ ಸರಿಮಾಡುತ್ತಾ ಅವರು ಕೇಳಿದರು, "ಯಾವ ಕಾಲೇಜಿಗೆ ಬೇಟಾ?"

"ಕಾಲೇಜಿಗಲ್ಲ, ಕೆಲಸಕ್ಕೆ."

"ಕೈಕೂ, ಯಾಕೆ? ಎರಡೂ ಯಾಕ್ ಮಾಡ್ಬಾರ್ದು? ಸಂಜೆ ಕಾಲೇಜು ಅಂತ ಯಾತಕ್ಕಿಟ್ಟಿದ್ದಾರೆ? ಹಗಲು ಇಲ್ಲಿ ಕೂತ್ಕೋ, ಕಂಪ್ಯೂಟರ್ ನೋಡ್ಕೋ, ಸಂಜೆ ಹೋಗು."

ಹಾಗೆ ಕೂತವಳು ಬಿ.ಕಾಂ. ಮುಗಿಯುವವರೆಗೂ ಅಲ್ಲೇ ಇದ್ದೆ. ಸಂಜೆ ಹೊರಡುವ ಹೊತ್ತಾದರೆ ಗಿರಾಕಿ ಎದುರಿಗಿದ್ದರೂ ನನ್ನ ಕುರ್ಚಿಯನ್ನು ಕಾಲಿನಿಂದ ಮೆಲ್ಲಗೆ ನೂಕುತ್ತಿದ್ದರು. ಎದ್ದು ಹೋಗು ಎಂದು ಅರ್ಥ.

ಫೋಟೋ ತೆಗೆಯುವಾಗ ಅವರು ಯಾರಿಗೂ ನಗಿ ಎಂದವರಲ್ಲ. "ಉಸಿರು ಬಿಡಿ" ಎನ್ನುತ್ತಿದ್ದರು. ಜನ ಉಸಿರು ಬಿಟ್ಟಾಗ ಭುಜ ಇಳಿಯುತ್ತಿತ್ತು, ಮುಖ ತನ್ನಷ್ಟಕ್ಕೆ ತಾನು ಬರುತ್ತಿತ್ತು. ಅಷ್ಟರಲ್ಲಿ ಕ್ಲಿಕ್. ಇನ್ನೊಂದು ತೆಗೆಯೋಣ ಎಂದು ಕೇಳುತ್ತಿರಲಿಲ್ಲ. ನಿಕಾಹದಲ್ಲಿ, ತಾಳಿ ಕಟ್ಟುವಾಗ, ಪದವಿ ಕೊಡುವಾಗ ಮತ್ತೊಮ್ಮೆ ಮಾಡಿ ಎಂದು ಕೇಳುವವನು ಫೋಟೋಗ್ರಾಫರೇ ಅಲ್ಲ ಎಂಬುದು ಅವರ ಹಠ. "ಅವರು ನಮಗೋಸ್ಕರ ಮದುವೆ ಆಗ್ತಿಲ್ಲ ಬೇಟಾ. ನಾವು ಅಲ್ಲಿರೋದೇ ಅವರಿಗೆ ಗೊತ್ತಾಗ್ಬಾರ್ದು."

ನಡುಕ ಬಲಗೈಯ ಹೆಬ್ಬೆರಳಿನಿಂದ ಶುರುವಾಯಿತು. ಮೊದಮೊದಲು ಅವರು ಅದನ್ನು ಜೇಬಿನಲ್ಲಿಟ್ಟುಕೊಂಡರು. ಆಮೇಲೆ ಟೀ ಅರ್ಧ ಲೋಟ ಸಾಕು ಎನ್ನತೊಡಗಿದರು. ಚಾಚಿ ಅವರ ಶರ್ಟುಗಳಿಗೆ ಒಳಗಿನಿಂದ ಒತ್ತಿದರೆ ಕೂಡುವ ಟಿಚ್‌ಬಟನ್ ಹೊಲಿದು, ಮೇಲೆ ಮಾಮೂಲಿ ಗುಂಡಿಗಳನ್ನು ಬರೀ ಅಲಂಕಾರಕ್ಕೆ ಉಳಿಸಿದರು. ಫ್ರೇಜರ್ ಟೌನಿನ ಒಂದು ಮದುವೆಯಲ್ಲಿ ಹುಡುಗನ ತಮ್ಮ ಎಲ್ಲರೆದುರು, "ಚಾಚಾ, ಕೈ ಯಾಕೆ ಹೀಗೆ ನಡುಗ್ತಿದೆ?" ಎಂದ. "ನಿಮ್ಮಣ್ಣ ಮದುವೆ ಆಗ್ತಿರೋದು ನೋಡಿ ನನಗೇ ಭಯ ಆಗ್ತಿದೆ" ಎಂದು ಇವರು ನಗಿಸಿಬಿಟ್ಟರು. ಆ ಮದುವೆಯ ಫೋಟೋಗಳಲ್ಲಿ ಬಹಳಷ್ಟು ಕೆಟ್ಟಿದ್ದವು. ಮದುಮಗಳ ಮುಖದ ಮೇಲೆ ಇನ್ನೊಂದು ಮುಖ ಜಾರಿದಂತೆ ಕಾಣುತ್ತಿತ್ತು. ಅಂಗಡಿಯಲ್ಲಿ ಅವನ್ನು ಒಂದೊಂದಾಗಿ ಪರದೆಯ ಮೇಲೆ ನೋಡಿದರು. ಕೊನೆಗೆ ಕುರ್ಚಿಯಿಂದೆದ್ದು ಗೋಡೆಗೆ ಹಣೆ ಕೊಟ್ಟು ನಿಂತರು. ನಾನು ಟೀ ತರುವ ನೆಪದಲ್ಲಿ ಹೊರಗೆ ಹೋದೆ.

ಆಮೇಲೆ ಅವರಿಗೆ ಒಂದೇ ಗೀಳು. ಯಾರೋ ಹೇಳಿದ್ದರು, ಹೊಸ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಕೈ ನಡುಕವನ್ನು ಹಿಡಿಯುವ ವ್ಯವಸ್ಥೆ ಎರಡು ಕಡೆ ಇರುತ್ತದೆ ಎಂದು. ಹಳೆಯ ಕ್ಯಾಮೆರಾದಲ್ಲಿ ಅದು ಲೆನ್ಸಿನೊಳಗೆ ಮಾತ್ರ ಇತ್ತು. ಅಲ್ಲಿ ಒಂದು ಗಾಜು ತೇಲುತ್ತಾ, ಕೈ ಆಚೆ ಹೋದರೆ ತಾನು ಈಚೆ ಸರಿಯುತ್ತದೆ. ಹೊಸದರಲ್ಲಿ ಅದಲ್ಲದೆ ಬಾಡಿಯೊಳಗೆ ಚಿತ್ರ ಬೀಳುವ ಸೆನ್ಸರೇ ತೇಲುತ್ತದೆ. ಉದ್ದ ಲೆನ್ಸಿನ ಮೂತಿ ಮೇಲೆ ಕೆಳಗೆ, ಅಕ್ಕಪಕ್ಕ ವಾಲುವುದನ್ನು ಗಾಜು ನೋಡಿಕೊಂಡರೆ, ಕ್ಯಾಮೆರಾ ಓರೆಯಾಗಿ ತಿರುಗುವುದನ್ನು ಸೆನ್ಸರು ನೋಡಿಕೊಳ್ಳುತ್ತದೆ. ಚಾಚಾ ತಮ್ಮ ಹಳೆಯ ಕ್ಯಾಮೆರಾಗಳನ್ನೆಲ್ಲ ಮಾರಿ ಅಂಥದ್ದೊಂದು ತಂದರು. ಅಂಗಡಿಯ ಹಿಂದೆಯೇ ಇದ್ದ ಮನೆಯ ಅಡುಗೆಮನೆಯಲ್ಲಿ ಚಾಚಿ ಪಾತ್ರೆ ಕುಕ್ಕಿದ ಸದ್ದು ಅಂಗಡಿಗೂ ಕೇಳಿಸಿತು.

ಬೇರೆ ಕಂಪನಿಯ ಹಳೆಯ ಲೆನ್ಸೊಂದನ್ನು ಅವರು ಉಳಿಸಿಕೊಂಡಿದ್ದರು. ಮೊದಲ ದಿನ ಅದನ್ನೇ ಅಡಾಪ್ಟರ್ ಹಾಕಿ ಸಿಕ್ಕಿಸಿ ಎದುರಿನ ಬಿರಿಯಾನಿ ಅಂಗಡಿಯ ಬೋರ್ಡು ತೆಗೆದರು. ಅಕ್ಷರಗಳು ಮೊದಲಿಗಿಂತಲೂ ಕೆಟ್ಟದಾಗಿ ಕದಡಿದ್ದವು. ಅವರ ಮುಖ ಕಪ್ಪಿಟ್ಟಿತು. ಎರಡು ದಿನ ಅದನ್ನೇ ತಿರುವಿ ಮುರುವಿ ನೋಡಿದ ಮೇಲೆ ಕಾರಣ ಹೊಳೆಯಿತು. ಆ ಲೆನ್ಸಿಗೂ ಈ ಬಾಡಿಗೂ ಮಾತುಕತೆಯಿಲ್ಲ. ಗಾಜು ಒಂದು ಸಲ ತಿದ್ದಿದ್ದನ್ನು ತಿಳಿಯದೆ ಸೆನ್ಸರು ಇನ್ನೊಂದು ಸಲ ತಿದ್ದುತ್ತಿತ್ತು.

"ನಮ್ಮನೆ ಸಾರಿನ ಥರಾ ಬೇಟಾ," ಎಂದರು. "ಬೇಗಂ ಉಪ್ಪು ಹಾಕಿರ್ತಾಳೆ. ಅವಳ ತಂಗಿ ಬಂದು ಕೇಳ್ದೆ ಇನ್ನೊಂದ್ಸಲ ಹಾಕ್ತಾಳೆ. ಇಬ್ಬರೂ ಒಳ್ಳೇವ್ರೇ. ಸಾರು ಮಾತ್ರ ಚರಂಡಿಗೆ."

ಕೊನೆಗೆ ಅದೇ ಕಂಪನಿಯ ಉದ್ದ ಲೆನ್ಸು ಬಂತು. ಅದನ್ನು ಹಾಕಿ ಅದೇ ಬೋರ್ಡನ್ನು, ನಡುಗುವ ಅದೇ ಕೈಯಲ್ಲಿ ತೆಗೆದರು. ನಾನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿದೆ. ಅಕ್ಷರದ ಅಂಚಿನಲ್ಲಿ ಬಣ್ಣ ಎದ್ದು ಬಂದಿದ್ದ ಸಿಪ್ಪೆ ಕೂಡ ಕಾಣಿಸಿತು. ಚಾಚಾ ಪರದೆಯ ಹತ್ತಿರ ಬಾಗಿ ಆ ಸಿಪ್ಪೆಯ ಮೇಲೆ ಬೆರಳಾಡಿಸಿದರು. ಆಮೇಲೆ ತಮ್ಮ ಬಲಗೈಯನ್ನು ಮುಖದೆದುರು ಹಿಡಿದು, "ಈಗ ಕುಣಿ, ಎಷ್ಟ್ ಬೇಕಾದ್ರೂ ಕುಣಿ" ಎಂದು ಬೈದರು.

ಅವತ್ತಿನಿಂದ ಒಂದು ವಿಚಿತ್ರ ಅಭ್ಯಾಸ ಬಂತು. ಗಿರಾಕಿ ಇಲ್ಲದ ಹೊತ್ತು ಅಂಗಡಿಯಲ್ಲಿ ಕೂತು, ಬಟನ್ನನ್ನು ಅರ್ಧ ಒತ್ತಿ, ವ್ಯೂಫೈಂಡರಿಗೆ ಕಣ್ಣಿಟ್ಟು ಗಲ್ಲಿಯನ್ನು ನೋಡುತ್ತಿದ್ದರು. ಫೋಟೋ ತೆಗೆಯುತ್ತಿರಲಿಲ್ಲ. ಹೊರಗೆ ಮೊಣಕೈವರೆಗೂ ನಡುಗುತ್ತಿದ್ದರೂ ಆ ಪುಟ್ಟ ಕಿಟಕಿಯೊಳಗೆ ಎಲ್ಲವೂ ನಿಂತಿರುತ್ತಿತ್ತು. ಬ್ಯಾಟರಿ ಸುಮ್ಮನೆ ಖಾಲಿಯಾಗುತ್ತಿದೆ ಎಂದು ನಾನು ರೇಗಿದಾಗ ಒಮ್ಮೆ ಹೇಳಿದರು: "ನನ್ನ ಕೈ ಮೊದಲಿನ ಥರಾ ಇರೋದು ಇದರೊಳಗೆ ಮಾತ್ರ. ಸ್ವಲ್ಪ ನೋಡ್ಕೊಂಡಿರ್ತೀನಿ, ಬಿಡು." ಮತ್ತೆ ನಾನು ರೇಗಲಿಲ್ಲ. ಬ್ಯಾಟರಿ ಚಾರ್ಜಿಗೆ ಹಾಕುತ್ತಿದ್ದೆ.

ಆದರೆ ಕಾಯಿಲೆ ನಿಂತಿರಲಿಲ್ಲ. ಮಾತ್ರೆ ನುಂಗಿದ ಮೇಲೆ ಕೆಲವು ಗಂಟೆ ಕೈ ಮಾತು ಕೇಳುತ್ತಿತ್ತು, ಆಮೇಲೆ ಇಲ್ಲ. ಮಾತ್ರೆಯ ಹೊತ್ತು ನೋಡಿಕೊಂಡೇ ಕೆಲಸ ಒಪ್ಪಿಕೊಳ್ಳುತ್ತಿದ್ದರು. ಒಪ್ಪಿಕೊಳ್ಳುವ ಕೆಲಸ ಕಡಿಮೆಯಾಗುತ್ತಾ ಬಂತು. ಕೊನೆಗೆ ಉಳಿದದ್ದು ನಮ್ಮ ಸಂಜೆ ಕಾಲೇಜಿನ ಪದವಿ ಪ್ರದಾನದ ದಿನವೊಂದೇ. ಎಷ್ಟೋ ವರ್ಷದಿಂದ ಅದರ ಫೋಟೋ ಅವರದೇ. ಆ ವರ್ಷ ಪದವಿ ಪಡೆಯುವವರಲ್ಲಿ ನಾನೂ ಇದ್ದೆ.

ಮಾತಾಡಲು ಹೋದಾಗ ಪ್ರಿನ್ಸಿಪಾಲ್ ಮೇಡಂ ಅವರ ಕೈ ನೋಡಿಬಿಟ್ಟರು. "ಬೇಜಾರ್ ಮಾಡ್ಕೋಬೇಡಿ. ಈ ಸಲ ಬೇರೆಯವರಿಗೆ ಹೇಳ್ಲಾ?"

"ಫೋಟೋ ನೋಡಿ ಮೇಡಂ. ಕೈ ನೋಡ್ಬೇಡಿ."

ಮೇಡಂ ಒಪ್ಪಿದರು. ಹೊರಗೆ ಬಂದ ಮೇಲೆ ಚಾಚಾ ನನಗೆ ಹೇಳಿದ್ದು ಬೇರೆ. ನಮ್ಮ ಕಾಲೇಜಿನಲ್ಲಿ ಓದುವವರು ಎಂಥವರೆಂದು ಅವರಿಗೆ ಗೊತ್ತಿತ್ತು. ಬಟ್ಟೆ ಅಂಗಡಿಯ ಸೇಲ್ಸ್ ಹುಡುಗಿಯರು, ಡೆಲಿವರಿ ಹುಡುಗರು, ಎರಡು ಮಕ್ಕಳ ತಾಯಂದಿರು. ಒಬ್ಬೊಬ್ಬರ ಮನೆಯ ಗೋಡೆಯಲ್ಲೂ ಆ ಫೋಟೋಗೆ ಜಾಗ ಕಾದಿರುತ್ತದೆ. "ಇದನ್ನ ಕೆಡಿಸಿದ್ರೆ ಬೇಟಾ, ಅವತ್ತೇ ಕ್ಯಾಮೆರಾ ಕೆಳಗಿಡ್ತೀನಿ. ಇನ್ನೊಬ್ಬರ ದಿನಾನ ಹಾಳು ಮಾಡೋ ಹಕ್ಕು ನನಗಿಲ್ಲ."

ಕಾರ್ಯಕ್ರಮ ಹಲಸೂರಿನ ಒಂದು ಸಭಾಂಗಣದಲ್ಲಿ. ಬೆಳಗ್ಗೆ ಅವರ ಕೈ ಚೆನ್ನಾಗಿತ್ತು. ದೀಪ ಬೆಳಗುವುದನ್ನು ಹತ್ತು ಗಂಟೆಗೇ ಮುಗಿಸಿ, ಮಾತ್ರೆಯ ಬಲ ಇರುವಾಗಲೇ ಪದವಿ ಕೊಡುವುದೂ ಮುಗಿಯುತ್ತದೆ ಎಂಬ ಲೆಕ್ಕ. ಮುಖ್ಯ ಅತಿಥಿ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರು. ಬಂದವರು ಮಾತಾಡಿದರು, ಇನ್ನೂ ಮಾತಾಡಿದರು. ಚಾಚಾ ಗೋಡೆಯ ಪಕ್ಕ ನಿಂತು ಇನ್ನೊಂದು ಮಾತ್ರೆ ನುಂಗಿದ್ದನ್ನು ನಾನು ಕಂಡೆ. ಅದು ಹಿಡಿಯುವ ಮೊದಲೇ ಹೆಸರು ಕೂಗಲು ಶುರುವಾಯಿತು.

ನಡುದಾರಿಯಲ್ಲಿ ಕ್ಯಾಮೆರಾ ಸ್ಟ್ಯಾಂಡ್ ಇಡಬೇಡಿ ಎಂದು ಕಾಲೇಜಿನವರು ಮೊದಲೇ ಹೇಳಿದ್ದರಿಂದ ಅವರು ಕೈಯಲ್ಲೇ ತೆಗೆಯುತ್ತಿದ್ದರು. ಸಹಾಯಕ್ಕೆ ಯಾರೂ ಇಲ್ಲ. ಸಹಾಯಕಿ ಕಪ್ಪು ಗೌನು ಹಾಕಿಕೊಂಡು ವೇದಿಕೆಯ ಪಕ್ಕ ಸಾಲಿನಲ್ಲಿ ನಿಂತಿದ್ದಳು. ಅಮ್ಮ ಗಾಡಿಗೆ ರಜೆ ಕೊಟ್ಟು ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದರು. ಕತ್ತು ಉದ್ದ ಮಾಡಿ ಮಾಡಿ ನನ್ನನ್ನೇ ಹುಡುಕುತ್ತಿದ್ದರು.

ಸ್ವಲ್ಪ ಹೊತ್ತಿಗೆ ಚಾಚಾ ಒಂದು ಕುರ್ಚಿ ಎಳೆದು, ಅದರ ಬೆನ್ನಿನ ಮೇಲೆ ಲೆನ್ಸು ಊರಿದರು. ಕೈ ಸೋತಿದೆ ಎಂದು ತಿಳಿಯಿತು. ಊರಿದ ಮರುಕ್ಷಣ ಅವರ ಎಡಗೈ ಹೆಬ್ಬೆರಳು ಲೆನ್ಸಿನ ಪಕ್ಕದ ಪುಟ್ಟ ಸ್ವಿಚ್ಚನ್ನು ಕೆಳಕ್ಕೆ ಸರಿಸಿತು. ಅದು ಆಗಬಾರದಿತ್ತು.

ಇದನ್ನು ಬಿಡಿಸಿ ಹೇಳಬೇಕು. ಹಳೆಯ ಕಾಲದ ಲೆನ್ಸನ್ನು ಸ್ಟ್ಯಾಂಡಿನ ಮೇಲಿಟ್ಟರೆ ಅದರೊಳಗಿನ ಗಾಜು ಇಲ್ಲದ ನಡುಕವನ್ನು ಹುಡುಕಿಕೊಂಡು ತಾನೇ ಅಲುಗಾಡಿ ಚಿತ್ರ ಕೆಡಿಸುತ್ತಿತ್ತು. ಅದಕ್ಕೇ ಕಸಬುದಾರರೆಲ್ಲ ಲೆನ್ಸನ್ನು ಎಲ್ಲಾದರೂ ಊರಿದರೆ ಮೊದಲು ಸ್ವಿಚ್ಚು ಆರಿಸುತ್ತಾರೆ. ಯೋಚಿಸಿ ಮಾಡುವ ಕೆಲಸವಲ್ಲ ಅದು, ಬೆರಳೇ ಮಾಡಿಬಿಡುತ್ತದೆ. ಆದರೆ ಈ ಹೊಸ ಕ್ಯಾಮೆರಾದಲ್ಲಿ ಆ ಸ್ವಿಚ್ಚು ಲೆನ್ಸಿನೊಳಗಿನದನ್ನು ಮಾತ್ರವಲ್ಲ, ಬಾಡಿಯೊಳಗಿನದನ್ನೂ ಸೇರಿಸಿ ಆರಿಸುತ್ತದೆ. ಕುರ್ಚಿಯ ಮೇಲೆ ಲೆನ್ಸು ಊರಿದ್ದರೂ ಹಿಂದೆ ಹಿಡಿದ ಕೈ ನಡುಗುತ್ತಲೇ ಇತ್ತು. ಅದನ್ನು ಹಿಡಿಯಲು ಈಗ ಒಂದು ಆಸರೆಯೂ ಉಳಿದಿರಲಿಲ್ಲ.

ಅವರು ಕ್ಲಿಕ್ಕಿಸಿದರು. ಇನ್ನೊಬ್ಬರು ವೇದಿಕೆ ಹತ್ತಿದರು, ಮತ್ತೆ ಕ್ಲಿಕ್ಕಿಸಿದರು. ಆಮೇಲೆ ಕ್ಯಾಮೆರಾ ಇಳಿಸಿ ತಮ್ಮ ಕೈಯನ್ನು ನೋಡಿಕೊಂಡರು. ವ್ಯೂಫೈಂಡರಿನೊಳಗೂ ಚಿತ್ರ ನಡುಗಿರಬೇಕು. ಸ್ವಿಚ್ಚು ಆರಿದೆ ಎಂದು ಅವರಿಗೆ ಹೊಳೆಯಲಿಲ್ಲ. ಕಾಯಿಲೆ ಕ್ಯಾಮೆರಾವನ್ನೂ ಮೀರಿತು ಎಂದೇ ತಿಳಿದರು. ಆ ಮುಖವನ್ನು ನಾನು ಮರೆಯಲಾರೆ. ನೀರಿನಲ್ಲಿ ಕಾಲಿಗೆ ನೆಲ ಸಿಗದವನ ಮುಖ ಅದು. ಆದರೂ ಹೆಸರು ಕೂಗಿದಂತೆಲ್ಲ ಬಟನ್ ಒತ್ತುತ್ತಲೇ ಇದ್ದರು.

ನಾನು ಕೈ ಬೀಸಿದೆ, ಸನ್ನೆ ಮಾಡಿದೆ. ಅವರು ಈ ಕಡೆ ನೋಡಲಿಲ್ಲ. ಸಾಲಿನಿಂದ ಆಚೆ ಕಾಲಿಟ್ಟೆ.

"ಏಯ್, ಎಲ್ಲಿಗ್ರೀ?" ಸಾಲು ನೋಡಿಕೊಳ್ಳುತ್ತಿದ್ದ ಮೇಷ್ಟ್ರು ತಡೆದರು. "ಇನ್ನೇನು ನಿಮ್ಮ ಹೆಸರೇ ಬರುತ್ತೆ. ಹೋದ್ರೆ ಮತ್ತೆ ಕೂಗಲ್ಲ ನೋಡಿ."

"ಬರ್ತೀನಿ ಸಾರ್" ಎಂದು ಗೌನು ಎತ್ತಿ ಹಿಡಿದು ಓಡಿದೆ. ಹಿಂದಿನ ಸಾಲಿನಲ್ಲಿ ಅಮ್ಮ ಗಾಬರಿಯಿಂದ ಎದ್ದು ನಿಂತಿದ್ದು ಕಣ್ಣಿಗೆ ಬಿತ್ತು.

ನನ್ನನ್ನು ಕಂಡು ಚಾಚಾ ತಲೆಯಾಡಿಸಿದರು. "ನಕ್ಕೋ ಬೇಟಾ, ಬೇಡ, ನೀನ್ ಲೈನಿಗೆ ಹೋಗು. ಮುಗೀತು. ಎರಡೂ ಸೇರಿದ್ರೂ ಇದನ್ನ ಹಿಡೀತಿಲ್ಲ."

"ಎರಡೂ ಆಫ್ ಆಗಿದೆ ಚಾಚಾ! ನೀವೇ ಮಾಡಿದ್ದು!" ಸ್ವಿಚ್ಚು ಮೇಲಕ್ಕೆ ಸರಿಸಿದೆ. "ಈಗ ನೋಡಿ."

ಅವರು ಕಣ್ಣಿಟ್ಟರು. ಭುಜ ಇಳಿಯಿತು. "ಯಾ ಅಲ್ಲಾ" ಎಂದಷ್ಟೇ ಕೇಳಿಸಿತು. ಅದೇ ಹೊತ್ತಿಗೆ ಮೈಕಿನಲ್ಲಿ ನನ್ನ ಹೆಸರು. ಇನ್ನೊಮ್ಮೆ ನನ್ನ ಹೆಸರು. ಆಮೇಲೆ, "ಬಂದಿಲ್ಲ, ಮುಂದಿನವರು."

"ನಿನ್ನ ಹೆಸರು!" ಎಂದು ಚಾಚಾ ನನ್ನನ್ನು ನೂಕಿದರು.

"ಹೋಯ್ತು ಬಿಡಿ. ಮುಂದಿನವರು ಬಂದ್ರು, ನೋಡಿ, ತೆಗೀರಿ."

ತೆಗೆದರು. ಒಬ್ಬರನ್ನೂ ಬಿಡದೆ ತೆಗೆದರು. ಕುರ್ಚಿ ಅಲುಗದಂತೆ ನಾನು ಕಾಲು ಒತ್ತಿ ಹಿಡಿದಿದ್ದೆ. ಕೊನೆಯ ಹೆಸರು ಮುಗಿದು ಅತಿಥಿ ಹೊರಟರು, ಮೇಡಂ ಅವರನ್ನು ಬೀಳ್ಕೊಡಲು ಹೋದರು, ಜನ ಏಳತೊಡಗಿದರು. ಆಗ ಚಾಚಾ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಕಾಲೆಳೆಯುತ್ತಾ ವೇದಿಕೆ ಹತ್ತಿದರು. ಜೀವಮಾನವೆಲ್ಲ ಯಾರನ್ನೂ ಇನ್ನೊಮ್ಮೆ ಬನ್ನಿ ಎಂದು ಕೇಳದವರು ಮೈಕು ಹಿಡಿದರು. ಹಿಡಿದ ಕೈ ನಡುಗಿ ಮೈಕು ಗದ್ದಕ್ಕೆ ಬಡಿದು ಸದ್ದಾಯಿತು. ಕೆಲವರು ನಕ್ಕರು.

"ನಗಿ, ಪರವಾಗಿಲ್ಲ," ಎಂದರು. ಇಷ್ಟು ದಿನ ಜೇಬಿನಲ್ಲಿಟ್ಟಿದ್ದ ಬಲಗೈಯನ್ನು ಎಲ್ಲರಿಗೂ ಕಾಣುವಂತೆ ಎತ್ತಿದರು. "ಈ ಕೈಗೆ ಕಾಯಿಲೆ. ನಡುವೆ ಕೆಲವರ ಫೋಟೋ ಬಂದಿಲ್ಲ. ತಪ್ಪು ನಂದು. ದಯವಿಟ್ಟು ಇನ್ನೊಂದ್ಸಲ ಬನ್ನಿ. ನಿಮ್ಮ ಕಾಲಿಗೆ ಬೀಳ್ತೀನಿ, ಬನ್ನಿ."

ಹೊರಡುತ್ತಿದ್ದವರು ತಿರುಗಿ ನಿಂತರು. ಆಮೇಲೆ ಒಬ್ಬ ಡೆಲಿವರಿ ಹುಡುಗ, "ಅಯ್ಯೋ ಬಿಡಿ ಚಾಚಾ, ಮೊದಲನೇ ಸಲ ನಾನ್ ಕಣ್ ಮುಚ್ಚಿದ್ದೆ, ಒಳ್ಳೇದೇ ಆಯ್ತು" ಎಂದು ಬಂದ. ಇನ್ನೊಬ್ಬಳು ಅಳುತ್ತಲೇ ಬಂದಳು. "ನಮ್ಮಪ್ಪ ಡ್ಯೂಟಿಗೆ ಹೊರಟೋದ್ರಲ್ಲ ಅಂಕಲ್. ಅವರು ನೋಡಿದ ಗಳಿಗೆ ಫೋಟೋದಲ್ಲಿರಲ್ವಲ್ಲ." ಚಾಚಾ ಅವಳೆದುರು ತಲೆ ತಗ್ಗಿಸಿ ನಿಂತರು.

ಆ ದಿನದ ನಂತರ ಅವರು ಕೆಲಸಕ್ಕೆಂದು ಕ್ಯಾಮೆರಾ ಎತ್ತಲಿಲ್ಲ. ಕೈ ಅಲ್ಲ ಚಾಚಾ, ಸ್ವಿಚ್ಚು ಎಂದು ನಾನು ಎಷ್ಟೋ ವಾದಿಸಿದೆ. "ಸ್ವಿಚ್ ಆರ್ಸಿದ್ದು ಯಾರ ಕೈ?" ಎಂದು ಕೇಳುತ್ತಿದ್ದರು. ಈಗ ಆ ಅಂಗಡಿಯಲ್ಲಿ ಬೇರೆ ಯಾರೋ ಚಪ್ಪಲಿ ಮಾರುತ್ತಾರೆ.

ಅವತ್ತು ಅತಿಥಿ ಹೋಗಿಬಿಟ್ಟಿದ್ದರಿಂದ ಪದವಿ ಪತ್ರ ಕೊಡಲು ವೇದಿಕೆಯ ಮೇಲೆ ಯಾರೂ ಇರಲಿಲ್ಲ. ಸಾಲು ನೋಡಿಕೊಳ್ಳುತ್ತಿದ್ದ ಮೇಷ್ಟ್ರು, "ನಿಮ್ಮ ನಿಮ್ಮ ಮನೆಯವರೇ ಕೊಡ್ಲಿ, ಏನೀಗ" ಎಂದರು. ಒಬ್ಬನಿಗೆ ಅಕ್ಕ ಕೊಟ್ಟಳು, ಒಬ್ಬಳಿಗೆ ಅವಳ ಚಿಕ್ಕ ಮಗ. ಅಪ್ಪ ಹೊರಟುಹೋದವಳು ಗೆಳತಿಯ ಕೈಯಿಂದ ತೆಗೆದುಕೊಂಡಳು. ಎಲ್ಲರದೂ ಆದ ಮೇಲೆ, ಯಾರೂ ಒಯ್ಯದೆ ಮೇಜಿನ ಮೇಲೆ ಉಳಿದಿದ್ದ ನನ್ನದನ್ನು ಮೇಷ್ಟ್ರು ಅಮ್ಮನಿಗೆ ಕೊಟ್ಟರು.

ಅಮ್ಮ ಚಪ್ಪಲಿ ಕೆಳಗೆ ಬಿಟ್ಟು ಮೇಲೆ ಬಂದರು. ಗಂಜಿ ಹಾಕಿದ ಅಂಗಿಯನ್ನು ಮಡಿಕೆ ಮುರಿಯದಂತೆ ಎತ್ತಿಕೊಂಡು ಹೋಗುವ ಹಾಗೆ, ಎರಡೂ ಅಂಗೈ ಮೇಲೆ ಪದವಿ ಪತ್ರ ಹಿಡಿದಿದ್ದರು. ಚಾಚಾ ವೇದಿಕೆಯ ಕೆಳಗೆ ಮಂಡಿಯೂರಿ, ಮೊಣಕೈಗಳನ್ನು ಎದೆಗೆ ಒತ್ತಿಕೊಂಡು ಕ್ಯಾಮೆರಾ ಎತ್ತಿದ್ದರು. ನಡುಕ ಈಗ ಭುಜ ದಾಟಿ ಕತ್ತಿಗೆ ಬಂದಿತ್ತು. ಹಲ್ಲು ಕಚ್ಚಿದ್ದರು, ಆದರೂ ಕಣ್ಣು ತೆಗೆಯಲಿಲ್ಲ. ನಾನು ಗೌನು ಸರಿಮಾಡಿಕೊಂಡೆ, ಕೂದಲು ಸರಿಮಾಡಿಕೊಂಡೆ, ಇಷ್ಟು ವರ್ಷ ಕಾದ ಗಳಿಗೆ ಇನ್ನೊಂದಿಷ್ಟು ನಿಲ್ಲಲಿ ಎನಿಸಿತು. ಅಮ್ಮ ಕ್ಯಾಮೆರಾ ಕಡೆ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ. ಚಾಚಾ ಅವರನ್ನೇ ನೋಡುತ್ತಾ, ಪತ್ರವನ್ನು ನನ್ನ ಕೈಗಿಟ್ಟು ಮೆಲ್ಲಗೆ ಹೇಳಿದರು:

"ಬೇಗ ಹಿಡ್ಕೊ ಮಗಾ. ಪಾಪ, ಅವರ ಕೈ ಸೋಲ್ತಾ ಇದೆ."